ನಾವೂ ಅವರೂ ಎದುರಾದರೆ

ಗ್ರೀನ್ ಬೇ
ಜನವರಿಯ ಎರಡನೆಯ ಶನಿವಾರ, ಮಧ್ಯಾಹ್ನ ಎರಡು ಗಂಟೆ

ಪ್ರೀತಿಯ ಎಮಿಲ್,

ಆನಿಕಾಳ ಕೆಮ್ಮು ಕಡಿಮೆಯಾಯಿತೇ? ಅಪ್ಪನನ್ನು ಮಣ್ಣಿಗಿಟ್ಟ ದಿನ ಮಗುವಿಗೆ ಜ್ವರವೆಂದು ನೀನು ಸಂಜೆಯೇ ಹೊರಟುಬಿಟ್ಟೆ. ಆಮೇಲೆ ಫೋನಿನಲ್ಲಿ ಎರಡು ಸಲ ಮಾತಾಡಿದೆವು, ಎರಡು ಸಲವೂ ನಮಗೆ ಹವಾಮಾನ ಬಿಟ್ಟು ಬೇರೆ ಮಾತು ಬರಲಿಲ್ಲ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಕರಿನ್‌ಗೆ ಆಸ್ಪತ್ರೆಯಲ್ಲಿ ಇನ್ನೂ ರಾತ್ರಿ ಪಾಳಿಯೇ? ಹಗಲು ಸ್ವಲ್ಪವಾದರೂ ನಿದ್ದೆ ಮಾಡಲು ಹೇಳು. ನಾನು ಚೆನ್ನಾಗಿದ್ದೇನೆ. ಮೊಣಕಾಲು ಮಾತ್ರ ಹಿಡಿದುಕೊಂಡಿದೆ, ಅದು ನಾನೇ ತಂದುಕೊಂಡದ್ದು. ಇವತ್ತು ಬೆಳಗ್ಗೆ ಆರು ಗಂಟೆಗೆ ಫುಟ್‌ಬಾಲ್ ಕ್ರೀಡಾಂಗಣದ ಹಿಮ ಎತ್ತಲು ಹೋಗಿದ್ದೆ. ನಗಬೇಡ. ನಲವತ್ತು ವರ್ಷ ನಿಮ್ಮಪ್ಪನಿಗೆ ಕಾಫಿ ತುಂಬಿ ಕಳಿಸಿದ್ದೇನೆಯೇ ಹೊರತು ಹಿಮ ಎತ್ತುವ ದಿನ ಅಲ್ಲಿ ಏನು ಮಾಡುತ್ತಾರೆಂದು ಒಮ್ಮೆಯೂ ಹೋಗಿ ನೋಡಿರಲಿಲ್ಲ. ಎಪ್ಪತ್ತೆರಡಕ್ಕಾದರೂ ನೋಡೋಣವೆನಿಸಿತು.

ಪಕ್ಕದ ಮನೆಯ ಲಿರಾಯ್ ತನ್ನ ಗಾಡಿಯಲ್ಲಿ ಕರೆದುಕೊಂಡು ಹೋದ. ನಾವು ಹೋಗುವಷ್ಟರಲ್ಲೇ ಬಾಗಿಲ ಮುಂದೆ ನಾಲ್ಕು ನೂರು ಜನರಿದ್ದರು. ಸಲಿಕೆ ಅವರೇ ಕೊಡುತ್ತಾರೆ. ಸಾಲಿನಿಂದ ಸಾಲಿಗೆ ಹಿಮ ತಳ್ಳುತ್ತಾ ಬಂದು ಮೆಟ್ಟಿಲ ಮೇಲೆ ಇಟ್ಟ ದೋಣಿಯಂಥ ಉದ್ದದ ಜಾರುಪಟ್ಟಿಗೆ ಸುರಿದರೆ ಅದು ಸರ್ರನೆ ಕೆಳಗಿನ ಮೈದಾನಕ್ಕೆ ಜಾರುತ್ತದೆ. ನನ್ನನ್ನು ನೋಡಿ ಒಬ್ಬ, "ಏನ್ರೀ ಅಜ್ಜಿ, ನಾಳೆ ಆಡೋಕೂ ನೀವೇ ಇಳೀತೀರಾ?" ಎಂದ. "ನಿನ್ನಂಥವರು ಬೆಂಚ್ ಕಾಯ್ತಾ ಇದ್ರೆ ಇಳೀಬೇಕಾಗುತ್ತಪ್ಪ" ಎಂದೆ. ನಿಮ್ಮಪ್ಪ ಅಲ್ಲಿ ಹೀಗೆಯೇ ಮಾತಾಡುತ್ತಿದ್ದರಂತೆ. ಮನೆಯಲ್ಲಿ ತುಟಿ ಬಿಚ್ಚದ ಮನುಷ್ಯ! ನಮ್ಮ ಸಾಲು ತಾನಾಗಿ ನನ್ನ ಪಾಲಿಗೇ ಬಂತು. ಹಿಮ ಸರಿಸಿದೆ, ಕೆಳಗೆ ಹದಿನಾಲ್ಕು, ಹದಿನೈದು ಎಂಬ ಆಸನದ ಅಂಕಿಗಳು ಕಂಡವು. ಹದಿನೈದು ನಿನ್ನದು. ಅದನ್ನು ಕೈಗವಸಿನಿಂದ ಒರೆಸಿದೆ.

ನಾನು ಕ್ರೀಡಾಂಗಣಕ್ಕೆ ಹೋದದ್ದು ಬರೀ ಹಿಮ ನೋಡಲು ಅಲ್ಲ. ಲಿರಾಯ್‌ನನ್ನು ಒಂದು ಮಾತು ಕೇಳಬೇಕಿತ್ತು. ಗುರುವಾರ ಸಂಜೆ ನಮ್ಮ ಮನೆಯ ಪದ್ಧತಿಯಂತೆ ನಿಮ್ಮಪ್ಪನ ಭವಿಷ್ಯದ ಲಕೋಟೆ ತೆರೆದೆ. ಅವರ ನಿಯಮ ನಿನಗೆ ಗೊತ್ತಲ್ಲ: ಡಿಸೆಂಬರ್ ಮೊದಲ ವಾರದಲ್ಲೇ ಬರೆದು ಅಂಟಿಸಬೇಕು, ಋತುವಿನ ಕೊನೆಯ ಪ್ಲೇಆಫ್ ಆಟಗಳು ಶುರುವಾಗುವ ವಾರ ತೆರೆಯಬೇಕು. "ಯಾರ್ ಯಾರ ಮಧ್ಯೆ ಅಂತ ಹೆಸರು ಬಂದ ಮೇಲೆ ಹೇಳೋದು ಭವಿಷ್ಯ ಅಲ್ಲ, ಪೇಪರ್ ಓದೋದು" ಎನ್ನುತ್ತಿದ್ದರು. ಈ ಸಲವೂ ಆಸ್ಪತ್ರೆಯ ಹಾಸಿಗೆಯಲ್ಲಿ ಒರಗಿ ಕೂತು ಒಂದನೆಯ ತಾರೀಕು ಬರೆದರು, ನಿನಗೆ ಕಳಿಸುವ ಪ್ರತಿ ಬರೆಯುವ ಮೊದಲೇ ಒಂಬತ್ತಕ್ಕೆ ಹೋದರು. ಹಾಳೆಯಲ್ಲಿ ಎಂದಿನಂತೆ ಎಲ್ಲ ಊರುಗಳ ತಂಡಗಳೂ ಇದ್ದವು. ಕೊನೆಯಲ್ಲಿ ಎಂದಿನ ಆ ಸಾಲು, "ನಾವೂ ಅವರೂ ಎದುರಾದರೆ". ಅದರ ಮುಂದೆ: ಮಿನ್ನೆಸೋಟ 24, ನಾವು 17. ಕೆಳಗೆ ಎರಡು ಗೆರೆ.

ನಾನು ಕನ್ನಡಕ ಒರೆಸಿ ಮತ್ತೆ ಓದಿದೆ. ನಮ್ಮವರು ಸೋಲುತ್ತಾರೆಂದು ನಿಮ್ಮಪ್ಪ ಬರೆಯುವುದೇ? ಮೊದಲು ಔಷಧದ ಮಂಪರು ಎಂದುಕೊಂಡೆ. ಆದರೆ ಅಕ್ಷರ ನೆಟ್ಟಗಿತ್ತು. ಅವರ ಹಳೆಯ ಹಾಳೆಗಳೆಲ್ಲ ಮೀನು ಗಾಳದ ಪೆಟ್ಟಿಗೆಯಲ್ಲಿವೆ, ನಲವತ್ತೊಂದು ವರ್ಷದವು. ಶುಕ್ರವಾರ ಪೂರ್ತಿ ಅಡುಗೆಮನೆಯ ಮೇಜಿನ ಮೇಲೆ ಹರಡಿಕೊಂಡು ಒಂದೊಂದಾಗಿ ನೋಡಿದೆ. ಕೋಳಿ, ತರಕಾರಿ ಹಾಕಿದ ಬೂಯಾ ಸಾರು ಒಲೆಯ ಮೇಲೆ ತಳ ಹಿಡಿದದ್ದೂ ಗೊತ್ತಾಗಲಿಲ್ಲ. ನೀನು ಹುಟ್ಟಿದ ವರ್ಷದ್ದು ಇದೆ, ಹಾಳೆಯ ಮೂಲೆಯಲ್ಲಿ ನಿನ್ನ ತೂಕ ಬರೆದಿದ್ದಾರೆ. ನಮ್ಮವರು ಇಡೀ ಋತುವಿನಲ್ಲಿ ನಾಲ್ಕೇ ಆಟ ಗೆದ್ದ ವರ್ಷವೂ ಅವರ ಹಾಳೆಯಲ್ಲಿ ಕೊನೆಯ ಕಪ್ ನಮ್ಮದೇ. ನಲವತ್ತೊಂದು ಹಾಳೆಯಲ್ಲಿ ಒಂದರಲ್ಲೂ ನಾವು ಸೋತಿಲ್ಲ. ಹಾಗಾದರೆ ಇದೇನು? ನನಗೆ ಅವರು ಹೋದ ಮೇಲೆ ಅವರ ವಿಷಯದಲ್ಲಿ ಹೊಸದಾಗಿ ತಿಳಿಯಲು ಏನೂ ಉಳಿದಿಲ್ಲ ಎನಿಸಿಬಿಟ್ಟಿತ್ತು. ದುಃಖದಲ್ಲಿ ಅದೇ ದೊಡ್ಡದು. ಈಗ ಒಂದು ಸಿಕ್ಕಿತು. ಎರಡು ರಾತ್ರಿ ಅದನ್ನೇ ಯೋಚಿಸಿದೆ.

ನಿನ್ನ ಟೋಪಿಯ ದಿನವೂ ನೆನಪಾಯಿತು. ನಾಲ್ಕು ವರ್ಷವಾದರೂ ಅದರ ಬಗ್ಗೆ ನಾವು ಮಾತಾಡಿಲ್ಲ. ಕರಿನ್ ಹೆಣೆದ ನೇರಳೆ ಟೋಪಿ ಹಾಕಿಕೊಂಡು ನೀನು ಕ್ರೀಡಾಂಗಣದಲ್ಲಿ ಅಪ್ಪನ ಪಕ್ಕ ಕೂತೆ. ಹೆಂಡತಿಯ ಊರಿನ ತಂಡದ ಬಣ್ಣ, ಹೊಟ್ಟೆಯಲ್ಲಿ ಮಗು, ತಮಾಷೆಗೆ ಹಾಕಿದ್ದೆ. ಹಿಂದಿನ ಸಾಲಿನವರು, "ನಾರ್ಬರ್ಟ್, ನಿನ್ನ ಪಕ್ಕ ಬದನೆಕಾಯಿ ಬಿಟ್ಟಿದೆಯಲ್ಲೋ!" ಎಂದು ಕೂಗಿದರು. ಅಪ್ಪ ಮೊದಲು ನಕ್ಕರು. ಇನ್ನೊಬ್ಬ, "ಯಾರೋ ಅದು?" ಎಂದಾಗ, "ಯಾರೋ ಏನೋ, ನನ್ನ ಮಗ ಆಗಿದ್ರೆ ಇದನ್ನ ಹಾಕ್ತಿರ್ಲಿಲ್ಲ" ಎಂದರು. ಆಗ ಅವರ ದನಿಯಲ್ಲಿ ನಗು ಇರಲಿಲ್ಲ. ನೀನು ಎದ್ದು ಕರಿನ್‌ಳ ಕೈ ಹಿಡಿದು ಹೊರಟೆ, ಐದು ಗಂಟೆಯ ದಾರಿ, ಆ ಹಿಮದಲ್ಲಿ. ಆಮೇಲೆ ನಿಮ್ಮಿಬ್ಬರ ನಡುವೆ ಉಳಿದದ್ದು ವರ್ಷಕ್ಕೊಂದು ಲಕೋಟೆ. ನೀನು ಅಂಕಿ ಬರೆದು ಕಳಿಸುವುದು, ಅವರು ಅಂಕಿ ಬರೆದು ಕಳಿಸುವುದು, ಒಂದು ಅಕ್ಷರ ಇಲ್ಲ. ಅಂಚೆಪೆಟ್ಟಿಗೆಗೆ ಹಾಕಿದವಳು ನಾನೇ. ನಿಮ್ಮಪ್ಪನ ಕಾಯಿಲೆ ನಿನಗೆ ಹೇಳಬೇಕಿತ್ತು. "ಪ್ಲೇಆಫ್ ಮುಗೀಲಿ, ಆಮೇಲೆ ನಾನೇ ಹೇಳ್ತೀನಿ" ಎಂದರು, ನಾನು ಸುಮ್ಮನಾದೆ. ಅದು ನನ್ನ ತಪ್ಪು. ಮಣ್ಣಿನ ದಿನ ಅಷ್ಟು ಚಳಿಯಲ್ಲಿ ನೀನು ಬರಿತಲೆಯಲ್ಲಿ ನಿಂತದ್ದನ್ನು ನೋಡಿದೆ.

ಇವತ್ತು ಸಾಲಿನ ತುದಿಗೆ ಬಂದು ಸಲಿಕೆ ಊರಿ ನಿಂತಾಗ ಲಿರಾಯ್‌ನನ್ನು ಕೇಳಿದೆ. ಅವನು ಬೂಟಿನ ಹಿಮ ಒದರುತ್ತಾ, "ಅಲ್ರೀ ವರ್ನಾ, ನಿಮಗೆ ಹೇಳಿಲ್ವಾ ಆ ಮುದುಕ?" ಎಂದ. ಆಸ್ಪತ್ರೆಯಲ್ಲಿ ಲಿರಾಯ್ ಜೊತೆಗೆ ಕೂತಿದ್ದ ದಿನ ನಿಮ್ಮಪ್ಪ, "ಲೇ, ನಮ್ಮವರು ಸೋಲ್ತಾರೆ ಅಂತ ಬರೆದೆ ಕಣೋ" ಎಂದರಂತೆ. "ಔಷಧಿ ಜಾಸ್ತಿ ಆಯ್ತಾ?" ಎಂದಿದ್ದಾನೆ ಇವನು. "ನಾನು ಬರೆದದ್ದು ಯಾವತ್ತಾದ್ರೂ ನಿಜ ಆಗಿದ್ಯಾ? ಅದಕ್ಕೇ ಹೀಗೆ ಬರೆದೆ, ನಮ್ಮವರೂ ಗೆಲ್ತಾರೆ. ನಾನು ತಪ್ಪಿದ್ರೆ ಸಲಿಕೆ ಹಿಡ್ಕೊಂಡು ಎಮಿಲ್ ಮನೆಗೆ ಹೋಗ್ಲೇಬೇಕಲ್ಲ." ಲಿರಾಯ್ ಬಿಡಲಿಲ್ಲವಂತೆ: "ಸುಮ್ನೆ ಹೋಗಿ ಬಾಗಿಲು ತಟ್ಟೋಕಾಗಲ್ವಾ ನಿಂಗೆ?" ಅದಕ್ಕೆ ನಿಮ್ಮಪ್ಪ, "ಸುಮ್ನೆ ಹೋದ್ರೆ ಏನೋ ಮಾತಾಡ್ಲಿ? ಸಲಿಕೆ ಇದ್ರೆ ಮಾತೇ ಬೇಡ" ಎಂದರಂತೆ.

ಆ ನಿಯಮ ನಿನಗೆ ಮರೆತಿರಲಾರದು. ನಿನಗೆ ಒಂಬತ್ತು ವರ್ಷವಿದ್ದಾಗ ನೀವಿಬ್ಬರೇ ಮಾಡಿಕೊಂಡದ್ದು: ಭವಿಷ್ಯ ತಪ್ಪಿದವನು ಇನ್ನೊಬ್ಬನ ಮನೆ ಮುಂದಿನ ಹಿಮ ಎತ್ತಬೇಕು. ಆಗ ಇಬ್ಬರ ಮನೆಯೂ ಒಂದೇ ಆಗಿತ್ತು, ಯಾರು ತಪ್ಪಿದರೂ ನನಗೆ ಲಾಭ. ನೀನು ಮಿನಿಯಾಪೊಲಿಸ್‌ಗೆ ಹೋದ ಮೇಲೆ, ನಾವೂ ಅವರೂ ಎದುರಾದ ಆಟಕ್ಕೆ ಮಾತ್ರ ಎಂದು ತಿದ್ದಿಕೊಂಡಿರಿ. ಮೊದಲ ವರ್ಷವೇ ಅಪ್ಪ ಸೋತು, ನಿನ್ನ ಬಾಡಿಗೆ ಮನೆಯ ನಾಲ್ಕು ಮೆಟ್ಟಿಲು ಗುಡಿಸಲು ಐದು ಗಂಟೆ ಗಾಡಿ ಓಡಿಸಿಕೊಂಡು ಬಂದಿದ್ದರು. ದೋಸೆಯಂತೆ ತೆಳ್ಳಗೆ ಏನನ್ನೋ ಕರಿನ್ ಮಾಡಿಕೊಟ್ಟಳೆಂದು ಒಂದು ತಿಂಗಳು ಹೇಳಿಕೊಂಡು ತಿರುಗಿದರು. ಈ ನಾಲ್ಕು ವರ್ಷ ಪ್ಲೇಆಫ್‌ನಲ್ಲಿ ಎರಡು ತಂಡವೂ ಎದುರಾಗಲೇ ಇಲ್ಲ. ಈ ವರ್ಷ ಎದುರಾಗಿವೆ, ನಮ್ಮ ಅಂಗಳದಲ್ಲೇ, ನಾಳೆ.

ನನ್ನನ್ನು ಈ ಮನೆಯಲ್ಲಿ ಯಾರೂ ಭವಿಷ್ಯ ಕೇಳಿದವರಲ್ಲ. ಕೇಳದೆಯೇ ಈ ಸಲ ಹೇಳುತ್ತೇನೆ, ಹೆಸರು ಬಂದ ಮೇಲೆ ಹೇಳುತ್ತಿದ್ದೇನೆ, ಪೇಪರ್ ಓದಿದಂತೆ ಎಂದುಕೋ. ಇವತ್ತಿನ ಆಟದಲ್ಲಿ ಬಫಲೊ ಪಿಟ್ಸ್‌ಬರ್ಗನ್ನು ಸೋಲಿಸುತ್ತದೆ, ಅಂತರ ಕಡಿಮೆ, ಒಂದು ಒದೆತದಷ್ಟು, ಮೂರೇ ಅಂಕ. ಪಿಟ್ಸ್‌ಬರ್ಗ್‌ನ ಚೆಂಡು ಒದೆಯುವವನು ಒಳ್ಳೆಯವನೇ, ಆದರೆ ಕಳೆದ ಎರಡು ವಾರದಿಂದ ಒದೆಯುವ ಮೊದಲು ಕಾಲನ್ನು ಎರಡೆರಡು ಸಲ ನೋಡಿಕೊಳ್ಳುತ್ತಾನೆ. ಶಾಲೆಯ ಅಡುಗೆಮನೆಯಲ್ಲಿ ಇಪ್ಪತ್ತಾರು ವರ್ಷ ಬಡಿಸಿದವಳು ನಾನು, ಕೈಯಲ್ಲಿನ ತಟ್ಟೆಯನ್ನೇ ನೋಡುತ್ತಾ ನಡೆಯುವ ಮಗು ಅದನ್ನು ಬೀಳಿಸಿಯೇ ತೀರುತ್ತದೆ. ಫಿಲಡೆಲ್ಫಿಯಾಕ್ಕೆ ಬರುವ ಲಾಸ್ ಏಂಜಲೀಸ್‌ನವರು ಸೋಲುತ್ತಾರೆ. ಬೆಂಚಿನ ಹಿಂದಿನ ಬಿಸಿಗಾಳಿಯ ಯಂತ್ರದ ಕಡೆಗೆ ಯಾರು ಮೊದಲು ಓಡುತ್ತಾರೋ ಅವರು ಸೋಲುತ್ತಾರೆ, ಇದು ಟಿವಿಯಲ್ಲಿ ನಾನು ಕಂಡುಕೊಂಡದ್ದು, ನಿಮ್ಮಪ್ಪನಿಗೆ ಹೇಳಿದ್ದರೆ ನಕ್ಕುಬಿಡುತ್ತಿದ್ದರು. ಹ್ಯೂಸ್ಟನ್, ಬಾಲ್ಟಿಮೋರ್ ಆಟ ನನಗೆ ತಿಳಿಯುವುದಿಲ್ಲ. ತಿಳಿಯದ್ದನ್ನು ತಿಳಿಯದು ಎಂದು ಬರೆಯಬಹುದೆಂದು ನಿಮ್ಮಪ್ಪನಿಗೆ ಯಾರೂ ಹೇಳಿರಲಿಲ್ಲ.

ನಮ್ಮ ಆಟಕ್ಕೆ ಬರುತ್ತೇನೆ. ನಿಮ್ಮವರು ವರ್ಷವಿಡೀ ಸೂರಿನ ಕೆಳಗೆ ಆಡುವವರು. ನಾಳೆ ಇಲ್ಲಿ ಗಾಳಿ ಇದೆ. ಅವರು ಮೊದಲು ಬಿಸಿಯ ಕಡೆ ಓಡುತ್ತಾರೆ. ಹಾಗಾಗಿ ನಾವು 23, ನೀವು 20. ಇದು ನನ್ನ ಲೆಕ್ಕವೋ ನನ್ನ ಆಸೆಯೋ ಬಿಡಿಸಿ ಹೇಳಲಾರೆ. ನಾವು ಗೆದ್ದರೆ ನಿಮ್ಮಪ್ಪ ಬರೆದದ್ದು ತಪ್ಪಾಗುತ್ತದೆ, ಅವರು ಬರಬೇಕಾದ ದಾರಿಯಲ್ಲಿ ನಾನು ಬರುತ್ತೇನೆ. ಲಿರಾಯ್ ಗಾಡಿ ಓಡಿಸುತ್ತೇನೆಂದು ಒಪ್ಪಿದ್ದಾನೆ. ಅಪ್ಪನ ಸಲಿಕೆ, ಹಿಡಿಗೆ ಕಪ್ಪು ಟೇಪು ಸುತ್ತಿದ್ದು, ಆಗಲೇ ಬಾಗಿಲ ಬಳಿ ಒರಗಿಸಿಟ್ಟಿದ್ದೇನೆ.

ನಾವು ಸೋತರೆ ಏನು ಎಂಬುದೇ ನನ್ನ ಭಯ. ಆಗ ಅಪ್ಪ ಗೆದ್ದಂತೆ, ಜೀವನದಲ್ಲಿ ಮೊದಲ ಸಲ, ಬೇಡವಾದಾಗ. ನೀನೂ ಎಂದಿನಂತೆ ನಿಮ್ಮವರೇ ಗೆಲ್ಲುತ್ತಾರೆಂದು ಬರೆದಿದ್ದರೆ ನೀನೂ ಸರಿ. ಯಾರೂ ತಪ್ಪಿಲ್ಲ, ಯಾರೂ ಎಲ್ಲಿಗೂ ಹೋಗಬೇಕಾಗಿಲ್ಲ. ನಿನ್ನ ಲಕೋಟೆ ಇಲ್ಲೇ ಇದೆ. ನಾಲ್ಕನೇ ತಾರೀಕಿನ ಮುದ್ರೆ, ತಲುಪಿದ್ದು ಅಪ್ಪ ಹೋದ ಮಾರನೆಯ ದಿನ. ಅವರ ಹೆಸರಿಗೆ ಬಂದದ್ದೆಂದು ನಾನು ತೆರೆದಿಲ್ಲ. ಕಿಟಕಿಯ ಬೆಳಕಿಗೆ ಹಿಡಿದು ನೋಡಿದ್ದು ನಿಜ, ಏನೂ ಕಾಣಲಿಲ್ಲ, ನೀನು ದಪ್ಪ ಕಾಗದ ಹಾಕಿದ್ದೀಯ.

ಆನಿಕಾಳಿಗೆ ಅಜ್ಜಿಯ ಮುತ್ತು. ಕರಿನ್‌ಗೆ ನನ್ನ ನೆನಪು ತಿಳಿಸು, ಟೋಪಿ ಚೆನ್ನಾಗಿ ಹೆಣೆದಿದ್ದಳು ಎಂದೂ ಹೇಳು, ಆ ದಿನ ಹೇಳಬೇಕೆಂದಿದ್ದೆ. ದೇವರು ನಿಮ್ಮ ಮೂವರನ್ನೂ ಬೆಚ್ಚಗಿಡಲಿ.

ನಿನ್ನ ಅಮ್ಮ
ವರ್ನಾ

ಇನ್ನೊಂದು ಮಾತು — ನಾಲ್ಕು ಗಂಟೆಗೆ ಅಂಚೆಯವರು ಪೆಟ್ಟಿಗೆ ಖಾಲಿ ಮಾಡುತ್ತಾರೆ, ಬೇಗ ಬರೆಯುತ್ತಿದ್ದೇನೆ. ತಡೆಯಲಾಗಲಿಲ್ಲ, ಬೆಣ್ಣೆಯ ಚಾಕುವಿನಿಂದ ನಿನ್ನ ಲಕೋಟೆ ತೆರೆದೆ. ಮೊದಲು "ನಾವು 31, ನೀವು 13" ಎಂದು ಬರೆದು ಹೊಡೆದುಹಾಕಿದ್ದೀಯ. ಅದರ ಕೆಳಗೆ, "ನೀವು 20, ನಾವು 16." ಗೆಲ್ಲುವವರು ಗ್ರೀನ್ ಬೇಯವರೇ ಎಂದು ಬರೆದಿದ್ದೀಯ. ಯಾಕೆ ಹೊಡೆದುಹಾಕಿದೆ ಎಂದು ನಾನು ಕೇಳುವುದಿಲ್ಲ. ನಾವು ಗೆದ್ದರೆ ಅಪ್ಪ ತಪ್ಪು, ಸೋಮವಾರ ನಾನು ನಿನ್ನ ಮನೆ ಮುಂದೆ ಇರುತ್ತೇನೆ, ಈ ಕಾಗದಕ್ಕಿಂತ ಮೊದಲೇ. ನೀವು ಗೆದ್ದರೆ ನೀನು ತಪ್ಪು, ನೀನು ಬರಬೇಕು. ಟೋಪಿ ಯಾವ ಬಣ್ಣದ್ದಾದರೂ ಸರಿ, ಕಿವಿ ಮುಚ್ಚಿದರೆ ಸಾಕು. ನಾಳೆ ಸಂಜೆಯಿಂದ ಎರಡೂ ಊರಿನಲ್ಲಿ ಹಿಮ ಬೀಳುತ್ತದಂತೆ.