ಸೋಮವಾರದ ಉಳುಮೆ

ಸಿಂಗಟಗೆರೆ
ಬುಧವಾರ

ಪ್ರಸನ್ನ,

ಫೋನಿನಲ್ಲಾದರೆ ನೀನು ಮಾತಿನಲ್ಲೇ ಕರಗಿಸಿಬಿಡುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ. ಬೆಂಗಳೂರಿನಲ್ಲಿ ‘ಕೆಲಸ ಬಿಟ್ಟು ರೈತನಾದೆ’ ಎಂದು ಭಾಷಣ ಮಾಡುವ ಮೊದಲು ಆ ವಿಡಿಯೊ ತೆಗೆದುಹಾಕು.

ಮೊನ್ನೆ ಎತ್ತು ಕೊಟ್ಟ ಬೀರಪ್ಪನವರು ಎಷ್ಟು ಸಲ ಹೇಳಿದರು! “ಸೋಮ್ವಾರ ಬಸವಣ್ಣನ ಹೆಗಲಿಗೆ ನೊಗ ಇಡಲ್ಲ ಕಣ್ರೀ, ನಾಳೆ ಹೂಡಾಣ.” ನೀನು “ಐದೇ ನಿಮಿಷ” ಅಂದೆ. ಚಿತ್ರ ಸರಿ ಬರಲಿಲ್ಲವೆಂದು ಅದೇ ಸಾಲನ್ನು ಏಳು ಸಲ ಉತ್ತೆ. ಕ್ಯಾಮೆರಾ ಹಿಡಿದವಳು ನಾನೇ, ಒಪ್ಪುತ್ತೇನೆ. ಆದರೆ ವಿಡಿಯೊದ ಕೆಳಗೆ ನೀನು ಬರೆದೆಯಲ್ಲ, ‘ಎತ್ತನ್ನು ದೇವರೆನ್ನುವ ನಮ್ಮ ಸಂಸ್ಕೃತಿ’ ಎಂದು, ಅದನ್ನು ಓದಿ ಫೋನನ್ನೇ ಆಚೆ ತಳ್ಳಿದೆ.

ಇವತ್ತು ಅವರ ಮನೆಗೆ ಹೋಗಿದ್ದೆ. ಬೀರಪ್ಪನವರು ಎತ್ತಿನ ಹೆಗಲಿಗೆ ಎಣ್ಣೆ ಸವರುತ್ತಿದ್ದರು, ತಲೆ ಎತ್ತಲಿಲ್ಲ. ಅವರ ಹೆಂಡತಿ ಕಾಮಾಕ್ಷಮ್ಮನವರೇ ನನಗೆ ಸಮಾಧಾನ ಹೇಳಿದರು: “ಬಿಡವ್ವ, ಪ್ಯಾಟೆಯೋರು, ನಿಮ್ಮ ಯಜಮಾನ್ರಿಗೆ ಗೊತ್ತಿರ್ಲಿಲ್ಲ.” ನಾನು ಹೂಂ ಅಂದುಬಿಟ್ಟೆ. ನನ್ನ ಮೇಲೆಯೇ ಹೇಸಿಗೆಯಾಯಿತು.

ಕ್ಯಾಮೆರಾವನ್ನೂ ನೀನು ವಿಡಿಯೊಗೆ ಮಾತ್ರ ಉಡುವ ಪಂಚೆಯನ್ನೂ ಈ ಕಾಗದದ ಜೊತೆ ಬಸ್ಸಿನಲ್ಲಿ ಕಳಿಸುತ್ತಿದ್ದೇನೆ. ವಾಪಸು ಬರುವುದಾದರೆ ಮೊದಲು ಅವರ ಕೊಟ್ಟಿಗೆಗೆ ಹೋಗಿ, ಗೊತ್ತಿದ್ದೇ ಮಾಡಿದೆ ಎಂದು ನಿನ್ನ ಬಾಯಿಂದಲೇ ಹೇಳು.

ಆಫೀಸಿನ ಸೋಮವಾರಗಳಿಗೆ ಹೆದರಿ ನಾನು ಅಳುತ್ತಿದ್ದಾಗ ನೀನೇ ತಾನೇ ಅಂದದ್ದು, “ರಾಜೀನಾಮೆ ಕೊಡು ತನು, ಸೋಮವಾರ ಎತ್ತಿಗೂ ರಜೆ ಕೊಡೋ ಊರಿಗೆ ಹೋಗೋಣ” ಅಂತ?

ತನುಜಾ