ಸೋಪಾ ಕೇಳಿದ ಸೊಸೆ

ಕಾಗವಾಡ
೧೯ ಫೆಬ್ರುವರಿ ೧೯೮೯

ಪ್ರೀತಿಯ ಸುಗಂಧಾ,

ಜಯ ಜಿನೇಂದ್ರ. ನಿನ್ನ ಎರಡು ಪತ್ರಗಳಿಗೂ ಸೇರಿಸಿ ಒಂದೇ ಉತ್ತರ ಬರೆಯುತ್ತಿದ್ದೇನೆ, ಸಿಟ್ಟಾಗಬೇಡ. ದ್ರಾಕ್ಷಿ ಕೊಯ್ಲು ನಡೆದಿದೆ. ಬೆಳಗಾದರೆ ಮಿರಜದ ವ್ಯಾಪಾರಿಗಳು, ತೋಟದ ಹೆಣ್ಣಾಳುಗಳು, ಎಲ್ಲರಿಗೂ ಚಹಾ. ಹೊತ್ತು ಮುಳುಗುವುದರೊಳಗೆ ಮನೆಮಂದಿಯ ಊಟ ಮುಗಿಯಬೇಕು. ಇದೆಲ್ಲ ನಿಜ. ಆದರೆ ತಡವಾದದ್ದಕ್ಕೆ ಇದೇ ಕಾರಣವೇ ಎಂದು ನನ್ನನ್ನು ನಾನೇ ಕೇಳಿಕೊಂಡರೆ, ಅಲ್ಲ. ನಿನ್ನ ಪ್ರಶ್ನೆಗೆ ನನ್ನ ಬಳಿ ಉತ್ತರ ಇರಲಿಲ್ಲ.

ಮೇ ತಿಂಗಳಲ್ಲಿ ನಿಮಗೆ ಬೀದರಕ್ಕೆ ವರ್ಗ, ಅಲ್ಲಿ ಸಿಗುವುದು ಮಹಡಿ ಮೇಲಿನ ಮನೆ, ಅವ್ವ ಈಗಲೇ ಮೆಟ್ಟಿಲ ಮೇಲೆ ಕೂತು ಕೂತು ಇಳಿಯುತ್ತಾಳೆ ಎಂದು ಬರೆದಿದ್ದೀ. "ಅಕ್ಕಾ, ನಿಮ್ಮ ಹೊಸ ಮನೆಯ ಕೆಳಗಡೆ ಅವ್ವನಿಗೊಂದು ಕೋಣೆ ಆದೀತೇ?" ಎಂದು ಕೇಳಿದ್ದೀ. ಆಗುವುದರಲ್ಲಿತ್ತು. ಹೇಗೆ ತಪ್ಪಿತು ಎಂದು ಹೇಳುತ್ತೇನೆ. ಅವ್ವನಿಗೂ ಓದಿ ಹೇಳು, ಸ್ವಲ್ಪ ನಗಲಿ.

ಮಿರಜದಿಂದ ಜ್ಞಾನದೇವ ಎಂಬ ಇಂಜಿನಿಯರ್ ಬಂದಿದ್ದರು. ಅಂಗಳದಲ್ಲಿ ಮೇಜು ಹಾಕಿ, ನಕಾಶೆ ಹಾರದಂತೆ ಮೂಲೆಗಳಿಗೆ ದ್ರಾಕ್ಷಿ ಗೊಂಚಲು ಇಟ್ಟುಕೊಂಡು ಎಲ್ಲರೂ ಕೂತಿದ್ದೆವು. ಮಹಡಿಯ ಬಗ್ಗೆ ತಕರಾರಿಲ್ಲ, ಜಗಳವೆಲ್ಲ ಕೆಳಗಿನದು. ಅತ್ತೆಗೆ ಹಳೆಯ ಮನೆಯಲ್ಲಿದ್ದಂಥ ಸೋಪಾ ಬೇಕು. ಬಾಗಿಲು ದಾಟಿದ ಕೂಡಲೇ ಗಂಡಸರು ಗಾದಿ ಹಾಕಿಕೊಂಡು ಕೂಡುವ, ಹೆಂಗಸರು ಹಾದೂ ಹೋಗದ ಆ ತೆರೆದ ಪಡಸಾಲೆ. ನಮ್ಮ ಯಜಮಾನರಿಗೆ ಅದು ಬೇಡ.

"ಈಗ ಯಾರ ಸೋಪಾ ಕಟ್ಟಸ್ತಾರ ಅವ್ವಾ? ಹಾಲ್ ಐತೆಲ್ಲ."

"ನಿನ್ನ ಹಾಲಿನ್ಯಾಗ ಟೀವಿ ಕುಂಡ್ರತೈತಿ. ಸಕ್ರಿ ಪ್ಯಾಕ್ಟ್ರಿ ಇಲೆಕ್ಷನ್ ಮಂದಿ ಬಂದ್ರ ಎಲ್ಲಿ ಕುಂಡ್ರಸ್ತಿ, ನನ್ನ ತಲಿ ಮ್ಯಾಲ?"

ಮುಂಬಾಗಿಲ ಬಲಕ್ಕೆ, ಬಚ್ಚಲಿಗೆ ಹತ್ತಿರ, ಒಂದು ಮೂಲೆ ಖಾಲಿ ಉಳಿದಿತ್ತು. ನನ್ನ ಕಣ್ಣೆಲ್ಲ ಅದರ ಮೇಲೆ. ಮೆಟ್ಟಿಲಿಲ್ಲ, ಎಳೆಬಿಸಿಲು ಬರುತ್ತದೆ, ಬಸದಿಯ ಗಂಟೆ ಕೇಳಿಸುತ್ತದೆ. ಹೊಸ ಮನೆಯಲ್ಲಿ ಅವ್ವ ನಮ್ಮೊಂದಿಗಿರಲಿ ಎಂದು ಇವರಿಗೆ ದೀಪಾವಳಿಯಲ್ಲೇ ಹೇಳಿದ್ದೆ. "ನೋಡೂಣು" ಎಂದಿದ್ದರು. ಅತ್ತೆಯ ಮುಂದೆ ಹೇಳುವ ಧೈರ್ಯ ಇರಲಿಲ್ಲ. ಮಗಳ ಮನೆಯಲ್ಲಿ ತಾಯಿ ಉಳಿಯುವುದೆಂದರೆ ಅವರು ಏನೆನ್ನುತ್ತಾರೆಂದು ನಿನಗೂ ಗೊತ್ತು. ಅದಕ್ಕೇ ಒಂದು ಉಪಾಯ ಮಾಡಿಕೊಂಡಿದ್ದೆ. ಹಗಲು ಸೋಫಾ, ಬಿಚ್ಚಿದರೆ ಮಂಚ ಆಗುವಂಥದ್ದು ಬಂದಿದೆಯಲ್ಲ, ಅಂಥದೊಂದು ಸೋಫಾ ಇಡಲು ಸಣ್ಣ ಕೋಣೆ ಕೇಳುವುದು. ಆಮೇಲೆ ಅವ್ವ ನಾಲ್ಕು ದಿನಕ್ಕೆಂದು ಬಂದು ಉಳಿದುಬಿಡಲಿ.

ಜ್ಞಾನದೇವ ನನ್ನ ಕಡೆ ತಿರುಗಿದರು. "ವಹಿನಿ, ಮನಿ ನಡಸಾವ್ರ ನೀವು. ಈ ಮೂಲ್ಯಾಗ ಏನ್ ಬೇಕ್ರಿ ನಿಮಗ?"

"ಅಲ್ಲಿ ನನಗೊಂದು ಸೋಪಾ ಬೇಕ್ರಿ" ಎಂದೆ.

ಹೌದು, 'ಪಾ' ಎಂದೇ. ಕಾನ್ವೆಂಟಿನಲ್ಲಿ ಸಿಸ್ಟರ್ 'ಎಫ್' ಅಕ್ಷರಕ್ಕೆ ಕೆಳತುಟಿ ಕಚ್ಚಿಸಿ ಕಚ್ಚಿಸಿ ಕಲಿಸಿದ್ದು ನೆನಪಿದೆಯೇ? ಮದುವೆಯಾಗಿ ಬಂದ ವರ್ಷ ನಾನು 'ಫ್ಯಾನ್' ಎಂದಾಗ ನಾದಿನಿಯರು ಓಣಿಯನ್ನೇ ಕರೆದಿದ್ದರು: "ಏ ಬರ್ರೆ, ವೈನಿ ಪ್ಯಾನಿಗಿ ಮುದ್ದ ಕೊಡಾಕತ್ತಾಳ!" ಅಂದಿನಿಂದ ನನಗೂ ಪ್ಯಾನು, ಕಾಪಿ, ಪೋಟೋ. ಯಾರೂ ಬಿಡು ಎಂದು ಹೇಳಲಿಲ್ಲ; ನಾನೇ ಬಿಟ್ಟೆ. ಬಿಟ್ಟದ್ದು ಒಂದು ಅಕ್ಷರ ಎಂದುಕೊಂಡಿದ್ದೆ.

ಅತ್ತೆ ಎದ್ದು ಒಳಗೆ ಹೋಗಿ, ಮುಷ್ಟಿಯಲ್ಲಿ ಸಕ್ಕರೆ ತಂದು ನನ್ನ ಬಾಯಿಗೆ ಹಾಕಿದರು. "ಕೇಳಿದೇನೋ ಬಾಪೂ? ಇಂಗ್ಲೀಸ ಕಲ್ತಾಕಿ ಸೋಪಾ ಕೇಳಾಕತ್ತಾಳ, ನೀ ಬ್ಯಾಡ ಅಂತಿ! ಮನಿತನ ಅಂದ್ರ ಏನಂತ ಇಕಿನ್ನ ನೋಡಿ ಕಲಿ."

ಇವರು ನನ್ನನ್ನೊಮ್ಮೆ ನೋಡಿ ನಕ್ಕರು. "ಅತ್ತಿ-ಸೊಸಿ ಒಂದಾದ ಮ್ಯಾಲ ನಂದೇನೈತಿ? ಹಾಕ್ರಿ ಸಾಹೇಬ್ರ, ಸೋಪಾ ಹಾಕ್ರಿ."

ಬಾಯಿ ತುಂಬ ಸಕ್ಕರೆ, ಏನು ಹೇಳಲಿ? ಚಹಾ ಕೊಡುವಾಗ ಜ್ಞಾನದೇವರಿಗೆ ಮೆಲ್ಲಗೆ "ಹಂಗಲ್ರಿ, ನಾ ಅಂದಿದ್ದು..." ಎಂದು ಶುರುಮಾಡಿದೆ. ಕೆಳತುಟಿ ಹಲ್ಲಿಗೆ ತಾಗಿತು. ಅತ್ತೆ ನನ್ನನ್ನೇ ನೋಡುತ್ತಿದ್ದರು. ಇಷ್ಟು ವರ್ಷಗಳಲ್ಲಿ ನನ್ನನ್ನು ಅಷ್ಟು ಅಕ್ಕರೆಯಿಂದ ನೋಡಿದ್ದೇ ಇಲ್ಲ. "ಸಕ್ರಿ ಸಾಕೇನ್ರಿ?" ಎಂದು ಮಾತು ಮುಗಿಸಿದೆ. ಹೆದರಿಕೆಯೇ ಅದು? ಅಥವಾ ಆ ಸಕ್ಕರೆ ಹಿತವೆನಿಸಿತೇ? ಸುಳ್ಳೇಕೆ ಹೇಳಲಿ, ಸ್ವಲ್ಪ ಹಿತವೆನಿಸಿತು.

ಈಗ ಸುಣ್ಣದ ಗೆರೆ ಎಳೆದಿದ್ದಾರೆ, ಪಾಯ ತೋಡುತ್ತಿದ್ದಾರೆ. ಬಸದಿಯಲ್ಲಿ ಸಿಕ್ಕವರಿಗೆಲ್ಲ ಅತ್ತೆ "ನಮ್ಮ ಸೊಸಿನಽ ಕೇಳಿ ಹಾಕಿಸ್ಯಾಳ" ಎನ್ನುತ್ತಾರೆ. ಇನ್ನು ನಾನು ಅಲ್ಲವೆಂದರೆ ಅವರ ಮುಖ ಎಲ್ಲಿಡುವುದು? ನಿನ್ನೆ ಕೆಲಸದವರಿಗೆ ನೀರು ಕೊಡಲು ಹೋದವಳು, ಸೋಪಾದ ಆ ಗೆರೆಗಳನ್ನು ದಾಟದೆ ಹಿಂದಿನಿಂದ ಸುತ್ತುಹಾಕಿ ಹೋದೆ. ಹೋದ ಮೇಲೆ ಗೊತ್ತಾಯಿತು. ಗೋಡೆ ಎದ್ದಿಲ್ಲ, ಒಳಗೆ ಯಾವ ಗಂಡಸೂ ಕೂತಿಲ್ಲ, ನಾನು ಆಗಲೇ ಸುತ್ತಿ ಹೋಗುತ್ತಿದ್ದೇನೆ.

ಆದರೂ ಧೈರ್ಯಗೆಡಬೇಡ. ಇವರು ಸಮಾಧಾನದಲ್ಲಿರುವ ಹೊತ್ತು ನೋಡಿ ನಿಜ ಹೇಳಿಬಿಡುತ್ತೇನೆ. ಬಾಯಿತಪ್ಪಿ ಆದದ್ದೆಂದು ತಿಳಿದರೆ ಒಂದು ಗೋಡೆ ಹೆಚ್ಚಿಗೆ ಎಬ್ಬಿಸುವುದು ಅವರಿಗೆ ದೊಡ್ಡದಲ್ಲ. ಅವ್ವನ ಟ್ರಂಕು ಈಗಲೇ ಕಟ್ಟಬೇಡ, ಬಿಚ್ಚಿಯೂ ಇಡಬೇಡ.

ಮಕ್ಕಳು ಚೆನ್ನಾಗಿ ಓದಿ ಪಾಸಾಗಲಿ, ನಿನ್ನ ಹೊಸ ಮನೆಯಲ್ಲಿ ಬೆಳಕಿರಲಿ. ಅವ್ವನ ಮೊಣಕಾಲಿಗೆ ಎಣ್ಣೆ ಹಚ್ಚುವಾಗ ನನ್ನ ಪಾಲಿನದೂ ಹಚ್ಚು.

ನಿನ್ನ ಅಕ್ಕ,
ರತ್ನಮಾಲಾ

ತಾ.ಕ.: ಇದನ್ನು ಅವ್ವನಿಗೆ ಓದಬೇಡ. ಲಕೋಟೆ ಅಂಟಿಸುವಷ್ಟರಲ್ಲಿ ಇವರು ಮಿರಜದಿಂದ ಬಂದರು, ಖುಷಿಯಲ್ಲಿದ್ದರು. ಇದೇ ಹೊತ್ತು ಎಂದುಕೊಂಡು ನೀರಿನ ತಂಬಿಗೆ ಕೊಟ್ಟೆ. ನಾನು ಬಾಯಿ ತೆರೆಯುವುದರೊಳಗೆ ಅವರೇ, "ನೀ ಕೇಳಿದ್ದಿ ಅಲ್ಲ, ಸೋಫಾ, ಬುಕ್ ಮಾಡಿ ಬಂದ್ನಿ. ಸೋಪಾದಾಗ ಇಡಸೂಣು, ಬಂದ ಮಂದಿ ಕುಂಡ್ರಾಕ ಚಲೋ ಆಗತೈತಿ" ಎಂದರು. ಎರಡು ಶಬ್ದಗಳನ್ನೂ ಬೇರೆ ಬೇರೆಯಾಗಿ ಅಂದರು ಸುಗಂಧಾ, ಮೊದಲನೆಯದಕ್ಕೆ ಕೆಳತುಟಿ ಕಚ್ಚಿ. ಆ ದಿನದ ನಂತರ ನಾನು ಯಾರ ಮುಂದೂ ಆ ಮಾತು ಎತ್ತಿರಲಿಲ್ಲ. ಅಂಗಳದಲ್ಲಿ ಅವತ್ತು ಕೂತಿದ್ದವರಲ್ಲಿ, ನಾನು ಏನು ಕೇಳಿದೆ, ಯಾರಿಗಾಗಿ ಕೇಳಿದೆ ಎಂದು ಸರಿಯಾಗಿ ಕೇಳಿಸಿಕೊಂಡವರು ಇವರೊಬ್ಬರೇ.