ಹಲಗೆಯ ಎರಡು ಬದಿ

ಜುಲೈ 23, ಮಂಗಳವಾರ

ಮೂಡಲಗಿ ಕ್ಲಾಸ್. ಇಪ್ಪತ್ತಾರು ಮಕ್ಕಳು. ಮಳೆ. ಹಾಲ್ ತುಂಬ ಒದ್ದೆ ಕಾಲಿನ ಗುರುತು. ಟೇಕ್ವಾಂಡೊ ಅಂದರೆ ಒದೆಯುವುದು ಎಂದೇ ಸೇರುತ್ತಾರೆ. ಮೊದಲ ತಿಂಗಳು ಬರೀ ನಿಲ್ಲುವುದನ್ನು ಕಲಿಸಿದರೆ ಮುಖ ಸಣ್ಣದು. ಕೊರಿಯನ್ ಎಣಿಕೆ ಮಾತ್ರ ಖುಷಿ. ಹನಾ, ದುಲ್, ಸೆತ್... ಒಂದು, ಎರಡು, ಮೂರು. ಕೆಳಗಿನ ಗೊಬ್ಬರದ ಅಂಗಡಿಯವನು ಚೀಲ ಎಣಿಸುವಾಗಲೂ ಈಗ ಹನಾ ದುಲ್ ಅನ್ನುತ್ತಾನಂತೆ.

ಭಾನುವಾರ ಗೋಕಾಕದಲ್ಲಿ ಬೆಲ್ಟ್ ಪರೀಕ್ಷೆ. ಬೆಳಗಾವಿಯಿಂದ ಪರೀಕ್ಷಕರು ಬರುತ್ತಾರೆ. ದೀಪಾ ಇಲ್ಲದ ಮೊದಲ ಪರೀಕ್ಷೆ. ಮನೆಯಲ್ಲಿ ಹೆಂಡತಿ, ಕ್ಲಾಸಿನಲ್ಲಿ ಮಕ್ಕಳ ಮೇಡಮ್. ಅವಳು ತೀರಿಕೊಂಡು ಎಪ್ಪತ್ತೊಂದು ದಿನ.

ಪರೀಕ್ಷೆಯಲ್ಲಿ ಹೊಡೆದು ಮುರಿಯುವ ಹಲಗೆ ನೋಡಬೇಕು. ಅದು ಅವಳ ಕೆಲಸವಾಗಿತ್ತು.

ಜುಲೈ 25, ಗುರುವಾರ. ಬೆಳಗ್ಗೆ 7

ಮಾಳಿಗೆ ಹತ್ತಿದೆ. ಹಲಗೆಗಳು ಏಪ್ರಿಲಿನಲ್ಲಿ ಅವಳು ಇಟ್ಟಂತೆಯೇ ಇವೆ. ನಡುವೆ ಸಣ್ಣ ಕಡ್ಡಿ, ಗಾಳಿ ಆಡಲಿ ಎಂದು. ಪ್ರತಿಯೊಂದರ ಮೇಲೂ ಪೆನ್ಸಿಲಿನಲ್ಲಿ ತಾರೀಕು. ಎರಡು ತಿಂಗಳು ಬಿಸಿಲಿಗೆ ತಿರುಗಿಸಿ ತಿರುಗಿಸಿ ಒಣಗಿಸುತ್ತಿದ್ದಳು. ಒಣಗಿದ ಹಲಗೆ ಸರಿಯಾಗಿ ಹೊಡೆದರೆ ಮುರಿಯುತ್ತದೆ. ಹಸಿಯದು ಕೈ ಮುರಿಯುತ್ತದೆ.

ಮೇ ತಿಂಗಳಲ್ಲಿ ಅವಳಿಗೆ ಜ್ವರ ಬಂತು. ಎಂಟು ದಿನ. ಆಮೇಲೆ ಮಾಳಿಗೆ ಯಾರು ಹತ್ತುತ್ತಾರೆ. ತಗಡಿನಿಂದ ನೀರು ಸೋರಿದೆ. ಹನ್ನೊಂದೂ ಹಲಗೆ ಉಬ್ಬಿವೆ. ಉಗುರು ಒತ್ತಿದರೆ ಇಳಿಯುತ್ತದೆ.

ಅವಳ ರಿಜಿಸ್ಟರ್ ತೆಗೆದೆ. ಕಪ್ಪು ಬೆಲ್ಟಿಗೆ ಕೂರುವವರು ಹನ್ನೊಂದು ಜನ. ಸೈಮಾಳ ಹೆಸರಿನ ಮುಂದೆ ಅವಳ ಅಕ್ಷರ: ‘ಕಡೆಯ ಗಳಿಗೆಯಲ್ಲಿ ಹೆದರಿ ಕೈ ಹಿಂದೆ ಎಳೆಯುತ್ತಾಳೆ. ಈಗಲೇ ಬೇಡ.’ ಎರಡು ಸಲ ಹೀಗೇ ತಡೆದಿದ್ದಳು. ಸೈಮಾ ಅತ್ತಿರಲಿಲ್ಲ. ಮರುದಿನ ಎಲ್ಲರಿಗಿಂತ ಮೊದಲು ಕ್ಲಾಸಿಗೆ ಬಂದಿದ್ದಳು. ಹನ್ನೊಂದನೇ ವಯಸ್ಸಿನಿಂದ ನಮ್ಮಲ್ಲಿದ್ದಾಳೆ, ಈಗ ಹತ್ತೊಂಬತ್ತು. ದೀಪಾ ಹೋದ ದಿನ ಮೂಡಲಗಿಯಿಂದ ಬಂದು ಮೂರು ದಿನ ನಮ್ಮ ಮನೆಯ ಪಾತ್ರೆ ತೊಳೆದಿದ್ದಾಳೆ.

ಹೊಸ ಹಲಗೆ ಒಣಗಿಸಲು ದಿನವಿಲ್ಲ. ಪರೀಕ್ಷೆ ಮುಂದೆ ಹಾಕಬಹುದು. ಹಾಕಿದರೆ ಮಂದಿ ಏನನ್ನುತ್ತಾರೆ... ಮೇಡಮ್ ಹೋದರು, ಸ್ಕೂಲೂ ಹೋಯಿತು.

ಜುಲೈ 26, ಶುಕ್ರವಾರ

ಘಟಪ್ರಭಾಕ್ಕೆ ಹೋಗಿದ್ದೆ. ಸ್ಟೇಷನ್ ರಸ್ತೆಯ ಬಡಗಿ ಗುರುಪಾದ. ಗೋಕಾಕದವರ ಹತ್ತಿರ ಹೋಗಲಿಲ್ಲ. ಮೂಡಲಗಿಯ ಖಾದರಬಾಷಾ ಅವರ ಹತ್ತಿರವಂತೂ ಇಲ್ಲ. ಅವರು ಸೈಮಾಳ ಅಜ್ಜ.

ಹಲಗೆಯ ಹಿಂದೆ ನಡುವೆ ಒಂದು ಗರಗಸದ ಗೆರೆ ಎಳೆಯಬೇಕು ಎಂದೆ. ಗುರುಪಾದ ಹಲಗೆ ನೋಡಿದ. ನನ್ನನ್ನು ನೋಡಿದ. ಎಷ್ಟು ಆಳ ಎಂದ. ಅರ್ಧ ಎಂದೆ. ಹನ್ನೊಂದಕ್ಕೂ ಎಳೆದ. ಕೊನೆಗೆ ಪುಡಿ ಊದುತ್ತ ಅಂದ—

“ನನ್ನ ಮಗ್ಗೂ ಒಂದ್ ಬೆಲ್ಟ್ ಕೊಟ್ಟ ಬಿಡ್ರಿ ಮಾಸ್ತರ. ಮುರದಾಂವ ನಾನ, ಹೆಸರ ನಿಮ್ಮ ಹುಡುಗೂರ್ದು.”

ನಕ್ಕೆ. ನಗಬಾರದಿತ್ತು. ಗೆರೆಗೆ ಮೇಣ ತಿಕ್ಕಿ ಮುಚ್ಚಿದೆ. ಆ ಕೆಲಸ ಅವನದಲ್ಲ. ನಾನೇ ಮಾಡಿದ್ದು.

ಜುಲೈ 28, ಭಾನುವಾರ. ಸಂಜೆ

ಎಲ್ಲರೂ ಪಾಸ್.

ದೀಪಾ ಹಲಗೆ ಹಿಡಿಯುವ ಮುಂಚೆ ಎರಡೂ ಬದಿ ತಿರುಗಿಸಿ ತೋರಿಸುತ್ತಿದ್ದಳು. “ನೋಡಿದಿ?” “ನೋಡಿದೆ ಮೇಡಮ್.” ಆಮೇಲೆಯೇ ಹೊಡೆತ. ಗೋಕಾಕ, ಮೂಡಲಗಿ, ಹುಕ್ಕೇರಿ, ಮೂರೂ ಊರಿನ ಮಕ್ಕಳಿಗೆ ಇದೇ ರೂಢಿ. ಬೇರೆ ಸ್ಕೂಲಿನಲ್ಲಿ ಹೀಗೆ ಮಾಡುವುದನ್ನು ನೋಡಿಲ್ಲ.

ಇವತ್ತು ನಾನು ಹಿಡಿದೆ. ತಿರುಗಿಸಲಿಲ್ಲ. ಹತ್ತು ಜನ ಗಮನಿಸಲಿಲ್ಲ, ಗಾಬರಿಯಲ್ಲಿದ್ದರು. ಸೈಮಾ ಮಾತ್ರ ನಿಂತಳು. ನನ್ನ ಕೈ ನೋಡುತ್ತ ಕಾದಳು. ತಿರುಗಿಸುತ್ತೇನೆ ಎಂದು. ಹೊಡಿ ಎಂದೆ. ಹೊಡೆದಳು. ಕಡೆಯ ಗಳಿಗೆಯಲ್ಲಿ ಕೈ ಹಿಂದೆ ಬಂತು. ನನಗೆ ಕಂಡಿತು. ಹಲಗೆ ಎರಡು ತುಂಡು.

ಅವಳು ನಕ್ಕ ನಗೆ. ಆ ಮುಖ ಅಷ್ಟು ಅಗಲ ಆಗುವುದನ್ನು ಎಂಟು ವರ್ಷದಲ್ಲಿ ನೋಡಿರಲಿಲ್ಲ. ಎರಡೂ ತುಂಡು ಎದೆಗೆ ಒತ್ತಿಕೊಂಡು ಹೋದಳು. ಮನೆಯಲ್ಲಿ ಇಡುತ್ತಾಳಂತೆ, ಮೇಡಮ್ ನೆನಪಿಗೆ. ಉಳಿದವರ ತುಂಡುಗಳನ್ನು ನಾನು ಮೊದಲೇ ಚೀಲಕ್ಕೆ ತುಂಬಿದ್ದೆ. ಅವಳ ಕೈಯಿಂದ ಹೇಗೆ ಕಸಿಯಲಿ.

ಆಗಸ್ಟ್ 20, ಮಂಗಳವಾರ

ಸೈಮಾ ಪೇಢೆ ತಂದಿದ್ದಳು. ಹುಕ್ಕೇರಿಯ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಆತ್ಮರಕ್ಷಣೆಯ ತರಬೇತಿ, ಮೂರು ತಿಂಗಳು. ಕಪ್ಪು ಬೆಲ್ಟ್ ಇದ್ದವರೇ ಬೇಕು ಎಂದಿದ್ದರಂತೆ. ಪ್ರಮಾಣಪತ್ರದ ಝೆರಾಕ್ಸಿಗೆ ನನ್ನ ಸಹಿ ಬೇಕು. ಹಾಕಿದೆ. ನಂದಿನಿ ಎಂಬ ಪುಟ್ಟ ಹುಡುಗಿ ಕೇಳಿದಳು, “ಅಕ್ಕಾ, ಈಗ ನೀ ಸರ್ ಆದಿ, ನಾವು ಎದ್ದ ನಿಲ್ಲಬೇಕೇನು?” ಎಲ್ಲರೂ ನಕ್ಕರು.

ಹೋಗುವಾಗ ಮೆಟ್ಟಿಲ ಹತ್ತಿರ ಸೈಮಾ ಹೇಳಿದಳು, ಶುರುವಿಗೆ ಒಂದು ಹಲಗೆ ಮುರಿದು ತೋರಿಸುತ್ತಾಳಂತೆ. ಇಲ್ಲದಿದ್ದರೆ ಹುಡುಗಿಯರು ಮಾತು ಕೇಳುವುದಿಲ್ಲವಂತೆ.

ಆಗ ಹೇಳಬಹುದಿತ್ತು. ಮೆಟ್ಟಿಲ ಮೇಲೆ ನಾವಿಬ್ಬರೇ ಇದ್ದೆವು. ಒಳ್ಳೆಯದಾಗಲಿ ಎಂದೆ.

ಸೆಪ್ಟೆಂಬರ್ 12, ಗುರುವಾರ. ಮಧ್ಯಾಹ್ನ 3

ಹುಕ್ಕೇರಿ ಶಾಲೆಯಿಂದ ಫೋನ್. ಸರಿತಾ ಟೀಚರ್. ಪ್ರಾರ್ಥನೆ ಮುಗಿದ ಮೇಲೆ ಇನ್ನೂರು ಹುಡುಗಿಯರ ಮುಂದೆ ಸೈಮಾ ಹೊಡೆದಳಂತೆ. ಹಲಗೆ ಮುರಿಯಲಿಲ್ಲವಂತೆ. ಅವಳು ಕೂಗಲೂ ಇಲ್ಲವಂತೆ. ಹಾಗೇ ನೆಲಕ್ಕೆ ಕೂತಳಂತೆ.

ಬಸ್ಸಿಗೆ ಹೊರಟಿದ್ದೇನೆ.

ಸೆಪ್ಟೆಂಬರ್ 13, ಶುಕ್ರವಾರ

ಬಲಗೈ. ಬೆರಳಿನ ಬುಡದ ಎರಡು ಎಲುಬು. ಆರು ವಾರ ಪ್ಲಾಸ್ಟರ್. ನವೆಂಬರಿನಲ್ಲಿ ಬಿ.ಎ. ಪರೀಕ್ಷೆ. ಶಾಲೆಯವರು ತರಬೇತಿ ನಿಲ್ಲಿಸಿದರು. ಕಲಿಸುವವಳ ಕೈಯೇ ಮುರಿದರೆ ಪಾಲಕರು ಏನನ್ನುತ್ತಾರೆ ಎಂದರಂತೆ.

ಅವಳ ಮನೆಗೆ ಹೋಗಿದ್ದೆ. ತಾಯಿ ರೋಶನಬಿ ಚಹಾ ಕೊಟ್ಟರು, ಒಂದು ಮಾತೂ ಬಿರುಸಾಗಿ ಆಡಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಸೈಮಾ ಗೋಡೆಗೆ ಒರಗಿ ಕೂತಿದ್ದಳು.

“ನಂದ ತಪ್ಪರಿ ಸರ್. ಅವತ್ತ ಮುರದಿತ್ತು. ಅಂದ್ರ ನನ್ನ ಕೈಯಾಗ ಬಲ ಐತಿ. ನಿನ್ನಿ ಮತ್ತ ಹೆದರಿದೆ. ಮೇಡಮ್ ಖರೇನ ಹೇಳಿದ್ರು.”

ನಾನು ಹೂಂ ಎಂದೆ.

ಬರೆದು ಮತ್ತೆ ಓದಿದೆ. ಹೂಂ ಎಂದೆ.

ಅಕ್ಟೋಬರ್ 1

ಬರೆಯಲು ಏನೂ ಇಲ್ಲ.

ಇದೆ.

ಅಕ್ಟೋಬರ್ 18, ಶುಕ್ರವಾರ

ಕ್ಲಾಸ್ ಮುಗಿಸಿ ಅವಳ ಮನೆಗೆ ಹೋದೆ. ಅವಳು ಇರಲಿಲ್ಲ, ತಾಯಿಯ ಜೊತೆ ಆಸ್ಪತ್ರೆಗೆ ಹೋಗಿದ್ದಳು. ಖಾದರಬಾಷಾ ಒಬ್ಬರೇ ಕಟ್ಟೆಯ ಮೇಲೆ. ಎಪ್ಪತ್ತು ದಾಟಿದೆ. ಈಗ ಕೆಲಸವಿಲ್ಲ, ಸುಮ್ಮನೆ ಉಳಿಗಳಿಗೆ ಎಣ್ಣೆ ಹಚ್ಚುತ್ತ ಕೂರುತ್ತಾರೆ. ಬಾಜೂದಲ್ಲಿ ಎರಡು ಗೆರೆಯ ಕಾಪಿ ಪುಸ್ತಕ. ಸೈಮಾ ಎಡಗೈಯಲ್ಲಿ ಬರೆಯುವುದನ್ನು ಕಲಿಯುತ್ತಿದ್ದಾಳೆ. ಒಂದನೇ ಇಯತ್ತೆಯ ಮಕ್ಕಳ ಹಾಗೆ ಅ, ಆ, ಇ... ಪುಟಗಟ್ಟಲೆ.

ನಾನು ನೋಡುವುದನ್ನು ಅವರು ನೋಡಿದರು. ಎದ್ದು ಒಳಗೆ ಹೋದರು. ಶೋಕೇಸಿನಿಂದ ಹಲಗೆಯ ಎರಡು ತುಂಡು ತಂದು ನನ್ನ ತೊಡೆಯ ಮೇಲೆ ಇಟ್ಟರು. ಮುಂದಿನ ಬದಿಗೆ ಸೈಮಾ ಸ್ಕೆಚ್ ಪೆನ್ನಿನಲ್ಲಿ ಬರೆದಿದ್ದಾಳೆ: ‘ದೀಪಾ ಮೇಡಮ್ ಅವರಿಗೆ’. ಅವರು ನನ್ನ ಹೆಬ್ಬೆರಳು ಹಿಡಿದು ಮುರಿದ ಅಂಚಿನ ಮೇಲೆ ಎಳೆದರು. ಅರ್ಧ ನುಣುಪು. ಅರ್ಧ ಒರಟು.

“ಐವತ್ತ ವರ್ಷ ಗರಗಸ ಹಿಡದೇನ್ರಿ. ಅದರ ಗುರ್ತ ನನಗ ಹತ್ತೂದಿಲ್ಲೇನು?”

ಪರೀಕ್ಷೆಯ ದಿನವೇ ಗೊತ್ತಾಯಿತಂತೆ. ಹುಡುಗಿ ಮನೆತುಂಬ ಕುಣಿಯುತ್ತಿದ್ದಳಂತೆ. ನನ್ನ ಮನೆಯಲ್ಲಿ ಸಾವಾಗಿ ಮೂರು ತಿಂಗಳೂ ಆಗಿರಲಿಲ್ಲ. ಅದಕ್ಕೆ ಸುಮ್ಮನಾದರಂತೆ. ಅವಳು ಹುಕ್ಕೇರಿಗೆ ಹಲಗೆ ಒಯ್ಯುವಾಗ ಇವರು ಮಸೀದಿಗೆ ಹೋಗಿದ್ದರು. ಇದ್ದಿದ್ದರೆ ತಡೆಯುತ್ತಿದ್ದೆ ಎಂದರು. ಉಳಿಯೊಂದನ್ನು ಎತ್ತಿ ಒರೆಸುತ್ತ, ತಡೀತಿದ್ದೆನೋ ಏನೋ ಎಂದರು.

“ನಾ ಸುಮ್ನಿದ್ದದ್ದು ನನ್ನ ತಪ್ಪ. ಅದನ್ನ ನಾ ಅಕಿಗೆ ಹೇಳ್ತೀನಿ. ಗೆರಿ ಎಳದದ್ದು ನೀವ ಹೇಳ್ರಿ. ಮೊದಲ ನೀವು.”

ಅಕ್ಟೋಬರ್ 22, ಮಂಗಳವಾರ

ಮೂಡಲಗಿಗೆ ಹೋಗಲಿಲ್ಲ. ಜ್ವರ ಎಂದು ಗ್ರೂಪಿಗೆ ಮೆಸೇಜ್ ಹಾಕಿದೆ. ಜ್ವರ ಇಲ್ಲ. ಗೆಟ್ ವೆಲ್ ಸೂನ್ ಸರ್ ಎಂದು ಹದಿನೇಳು ಉತ್ತರ. ಒಂದು ಸೈಮಾಳದು.

ಅಕ್ಟೋಬರ್ 25, ಶುಕ್ರವಾರ

ಹೇಳಿದೆ.

ಪ್ಲಾಸ್ಟರ್ ನಿನ್ನೆ ತೆಗೆದಿದ್ದಾರೆ. ಕೈ ತೆಳ್ಳಗೆ, ಬೆಳ್ಳಗೆ, ಬೇರೆ ಯಾರದೋ ಕೈ ತೊಟ್ಟುಕೊಂಡಂತೆ. ಒದ್ದೆ ಹಲಗೆ, ಘಟಪ್ರಭಾ, ಅರ್ಧ ಆಳದ ಗೆರೆ, ಮೇಣ. ದೀಪಾ ರಿಜಿಸ್ಟರಿನಲ್ಲಿ ಬರೆದದ್ದನ್ನು ಓದಿಯೂ ಅವಳನ್ನು ಕೂರಿಸಿದ್ದು. ಮೆಟ್ಟಿಲ ಮೇಲೆ ಸುಮ್ಮನಿದ್ದದ್ದು. ಹೂಂ ಎಂದದ್ದು. ನೆಲ ನೋಡುತ್ತ ಹೇಳಿದೆ. ಖಾದರಬಾಷಾ ಬಾಗಿಲಲ್ಲಿ ನಿಂತಿದ್ದರು.

ಸೈಮಾ ಬಲಗೈಯ ಬೆರಳುಗಳನ್ನು ಒಂದೊಂದಾಗಿ ಮಡಚಿ ನೋಡಿದಳು. ಆಮೇಲೆ ಕೇಳಿದಳು.

“ಹನ್ನೊಂದೂ?”

ಹನ್ನೊಂದೂ ಎಂದೆ.

“ಉಳದವ್ರಿಗೆ ಹೇಳೀರಿ?”

ಇಲ್ಲ ಎಂದೆ. ಅವಳು ಎದ್ದು ಶೋಕೇಸಿನ ತುಂಡುಗಳನ್ನು ತೆಗೆದಳು. ಅಂಚಿನ ಮೇಲೆ ಎಡಗೈಯ ಹೆಬ್ಬೆರಳು ಆಡಿಸಿದಳು. ಒಲೆಗೆ ಹಾಕುತ್ತಾಳೆ ಎಂದುಕೊಂಡೆ. ಹಾಕಲಿಲ್ಲ. ಮೇಡಮ್ ಹೆಸರಿದೆ ಎಂದಳು. ಮತ್ತೆ ಅಲ್ಲೇ ಇಟ್ಟಳು, ಹಿಂದಿನ ಬದಿ ಮುಂದೆ ಮಾಡಿ.

ಮಂಗಳವಾರ ಕ್ಲಾಸಿಗೆ ಬರುತ್ತಾಳಂತೆ. ಉಳಿದ ಹತ್ತು ಜನರನ್ನೂ ಕರೆಸಬೇಕಂತೆ.

ಅಕ್ಟೋಬರ್ 29, ಮಂಗಳವಾರ. ಸಂಜೆ 7

ಎಡಗೈಯಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟ. ನಿಧಾನ.

ಎಲ್ಲರೂ ಬಂದಿದ್ದರು. ಹುಕ್ಕೇರಿಯಿಂದ ಮೂವರು, ಗೋಕಾಕದಿಂದ ಐವರು, ಮೂಡಲಗಿಯವರು. ಕೆಲವರ ಪಾಲಕರೂ. ಹೇಳಿದೆ. ಹೊಸ ಹಲಗೆಗಳನ್ನು ಬರುವ ಬೇಸಿಗೆಗೆ ಒಣಗಿಸುತ್ತೇನೆ, ಮತ್ತೆ ಪರೀಕ್ಷೆ, ಅಲ್ಲಿಯವರೆಗೆ ಕಪ್ಪು ಬೆಲ್ಟ್ ಇಲ್ಲ ಎಂದೆ. ಬೆಳಗಾವಿಯ ಪರೀಕ್ಷಕರಿಗೂ ಪತ್ರ ಹಾಕಿದ್ದೇನೆ ಎಂದೆ. ಒಬ್ಬ ತಂದೆ ಮಗನ ಕೈ ಹಿಡಿದು ಹೊರಗೆ ನಡೆದರು. ಸರಿಯೇ. ಪಾಸಾದವರಲ್ಲಿ ಮೊದಲು ಅಸ್ಫಾಕ ಬೆಲ್ಟ್ ಬಿಚ್ಚಿ ಮಡಿಚಿ ಮೇಜಿನ ಮೇಲೆ ಇಟ್ಟ. ಉಳಿದವರೂ ಇಟ್ಟರು. ಸೈಮಾ ಬರುವಾಗಲೇ ಹಳೆಯ ಕೆಂಪು ಬೆಲ್ಟ್ ಕಟ್ಟಿಕೊಂಡು ಬಂದಿದ್ದಳು.

ಅವಳ ಜೊತೆ ಅಜ್ಜ. ಅವರ ಕೈಯಲ್ಲಿ ಹಲಗೆ. ಹುಕ್ಕೇರಿಯದು ಎಂದು ನೋಡಿದ ಕೂಡಲೇ ತಿಳಿಯಿತು. ಮುರಿಯದೆ ಉಳಿದದ್ದು.

ಒಂದು ಅಂಚು ಅಜ್ಜ ಹಿಡಿದರು, ಇನ್ನೊಂದು ಅವಳು, ಎಡಗೈಯಲ್ಲಿ. ಹಿಡಿಯುವ ಮುಂಚೆ ಹಲಗೆ ತಿರುಗಿಸಿದಳು. ಮುಂದೆ. ಹಿಂದೆ.

“ನೋಡಿದ್ರಿ?”

ನೋಡಿದೆ ಎಂದೆ. ಎಲ್ಲರಿಗೂ ಕೇಳಲಿ ಎಂದು ಮತ್ತೆ ಹೇಳಿದೆ.

ಮೇ ತಿಂಗಳಿಂದ ನಾನು ಒಂದೂ ಹಲಗೆ ಹೊಡೆದಿಲ್ಲ. ನಿಂತೆ. ಮಕ್ಕಳು ತಾವೇ ಎಣಿಸತೊಡಗಿದರು. ಹನಾ. ಹೊಡೆದೆ. ಮುರಿಯಲಿಲ್ಲ. ಮೊಣಕೈಯವರೆಗೆ ಉರಿ. ದುಲ್. ಮುರಿಯಲಿಲ್ಲ. ಕಡೆಯ ಗಳಿಗೆಯಲ್ಲಿ ನನ್ನ ಕೈಯೂ ಹಿಂದೆ ಬಂದಿತ್ತು. ಅವಳಿಗೆ ಕಂಡಿತು.

“ಹೆದರಿ ಹೊಡದ್ರ ಕೈ ಹೋಗತೈತ್ರಿ ಸರ್.” ಮೆಲ್ಲಗೆ ಅಂದಳು, ನನಗಷ್ಟೇ ಕೇಳುವಂತೆ. “ಇದನ್ನ ಅವತ್ತ ನೀವು ನನಗ ಹೇಳಬೇಕಿತ್ತು.”

ಸೆತ್.

ಮುರಿಯಿತು. ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಖಾದರಬಾಷಾ ತುಂಡನ್ನು ಬೆಳಕಿಗೆ ಹಿಡಿದು ಅಂಚಿನ ಮೇಲೆ ಹೆಬ್ಬೆರಳು ಎಳೆದರು. ಸೈಮಾಳ ಕೈಗೆ ಕೊಟ್ಟರು. ಅವಳೂ ಎಳೆದಳು. ಈ ತುದಿಯಿಂದ ಆ ತುದಿವರೆಗೆ ಒರಟು. ಆಮೇಲೆ ನಂದಿನಿಗೆ ಕೊಟ್ಟಳು. ಸಾಲಿನುದ್ದಕ್ಕೂ ಒಬ್ಬೊಬ್ಬರೇ ಮುಟ್ಟಿ ಮುಂದೆ ದಾಟಿಸಿದರು.

ಬಲಗೈ ಮಣಿಕಟ್ಟಿನವರೆಗೆ ಊದಿದೆ. ಬೆರಳು ಮಡಚುವುದಿಲ್ಲ. ನಾಳೆ ಆಸ್ಪತ್ರೆ. ಹೋಗುವಾಗ ಸೈಮಾ ತನ್ನ ಎರಡು ಗೆರೆಯ ಕಾಪಿ ಪುಸ್ತಕವನ್ನು ನನ್ನ ಚೀಲಕ್ಕೆ ಹಾಕಿದಳು. ಇನ್ನೂ ಅರ್ಧ ಖಾಲಿ ಇದೆಯಂತೆ. ಅದರಲ್ಲೇ ಇದನ್ನು ಬರೆಯುತ್ತಿದ್ದೇನೆ. ದೀಪಾ, ಇನ್ನು ಮೇಲೆ ಹಲಗೆ ಮಾಳಿಗೆಗೆ ನಾನೇ ಹತ್ತಿಸುತ್ತೇನೆ, ಎರಡೂ ಬದಿ ನೋಡಿ.